ತರಗು ಬೆಂಕಿ ಮತ್ತೆ ಹಚ್ಚಬಹುದಾ? ಬಿಳಿಗಿರಿರಂಗನ ಬೆಟ್ಟ, ಲಂಟಾನ ಮತ್ತು ಸೋಲಿಗರು

ಕೊಳ್ಳೇಗಾಲದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ರತಿ ಬೇಸಿಗೆ ಇಲ್ಲಿ ಕಾಡ್ಗಿಚ್ಚಿನ ಫೋಟೊ ಬರುತ್ತವೆ. ಒಂದಷ್ಟು ಜನ ಮರುಗುತ್ತಾರೆ, ಒಂದಷ್ಟು ಜನ ಬೈಯುತ್ತಾರೆ. ಭರಣಿ ಮಳೆ ಬಿದ್ದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಈ ಸಲ ಬೆಂಕಿ ಬೀಳುವ ಮೊದಲೇ ಒಂದು ಪ್ರಶ್ನೆ ಇಡೋಣ ಅನ್ನಿಸಿತು.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ಕಾಡಿಗೆ ತಾವೇ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. ಜನವರಿ, ಫೆಬ್ರವರಿ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮೊದಲು, ಉದುರಿದ ಎಲೆಗಷ್ಟೇ ತಾಗುವ ಹಾಗೆ. ನೆಲದ ಮೇಲೆ ನಿಧಾನಕ್ಕೆ ಹರಿದು ತಾನಾಗಿ ಆರಿಹೋಗುವ ಬೆಂಕಿ ಅದು.

1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು. ಕಾಡೊಳಗಿನ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ಹೋಯಿತು, ಬೇಟೆ ಹೋಯಿತು, ಅದರ ಜೊತೆಗೆ ಬೆಂಕಿಯೂ ಹೋಯಿತು. ಆಮೇಲೆ ಕಾಡಿನ ತಳದಲ್ಲಿ ಲಂಟಾನ ಅನ್ನುವ ಹೊರದೇಶದ ಕಳೆಪೊದೆ ತುಂಬಿಕೊಂಡಿತು. ಸಂಶೋಧಕರು ಬೆಟ್ಟದ ಉದ್ದಗಲಕ್ಕೆ ಗುರುತು ಹಾಕಿಕೊಂಡು ನೋಡಿದ ತಾಕುಗಳಲ್ಲಿ, 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ನೂರಕ್ಕೆ 81ರಲ್ಲಿ. ಹನ್ನೊಂದೇ ವರ್ಷ!

ಈಗ ಬೇಸಿಗೆ ಬೇರೆ ಕಠಿಣವಾಗುತ್ತಿದೆ. ಹಳೆಯ ತರಗು ಬೆಂಕಿಯನ್ನು ಮತ್ತೆ ತರಬಹುದಾ? ತರಬೇಕಾ? ಯಾರು ತರಬೇಕು? ಗೊತ್ತಿದ್ದವರು ಬರೆಯಿರಿ.

ಸಫಾರಿ ಪ್ರಿಯ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಬೆಂಕಿ ಹಚ್ಚೋಣ ಅನ್ನುವುದು ಕೇಳುವುದಕ್ಕೇ ಭಯ ಆಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಗಿದ್ದು ನೆನಪಿದೆ ಅಲ್ವಾ? ಅದೂ ಇದೇ ಜನವರಿ-ಫೆಬ್ರವರಿ ಕಾಲವೇ.

ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಆಮೆ, ಹಾವು, ಹಲ್ಲಿ, ಮೊಳಕೆ ಸಸಿ, ಇವೆಲ್ಲ ಎಲ್ಲಿ ಹೋಗಬೇಕು? ಹಳಬರು ಮಾಡಿದ್ದೆಲ್ಲ ಸರಿ ಅನ್ನುವ ಮೋಹ ಈಗ ಜಾಸ್ತಿ ಆಗಿದೆ. ಆಗ ಕಾಡು ದೊಡ್ಡದಿತ್ತು, ಜನ ಕಡಿಮೆ ಇದ್ದರು, ನಡೆಯಿತು. ಬಿಆರ್‌ಟಿ, ಅಂದರೆ ಈ ಬಿಳಿಗಿರಿರಂಗನ ಬೆಟ್ಟದ ಕಾಡು, ಸುಮಾರು 540 ಚದರ ಕಿಲೋಮೀಟರ್. ಅಷ್ಟೇ ಇರುವುದು.

ಬೀಟ್ ನಂಬರ್ ಏಳು

ನಾನು ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತಿ ಆದವನು. ಯಾವ ವಲಯ ಅಂತ ಬೇಡ.

ಸಫಾರಿ ಪ್ರಿಯರೇ, ಕಾಡಿಗೆ ಬೆಂಕಿ ಹಚ್ಚುವ ಕೆಲಸ ಇಲಾಖೆಯೇ ಪ್ರತಿ ವರ್ಷ ಮಾಡುತ್ತದೆ. ಬೆಂಕಿ ರೇಖೆ ಅಂತ ಕರೀತಾರೆ. ರಸ್ತೆಯ ಎರಡೂ ಬದಿ, ಗಡಿಯುದ್ದಕ್ಕೂ ಪಟ್ಟಿ ಹಾಗೆ ಪೊದೆ ಸವರಿ, ಒಣಗಿದ ಮೇಲೆ ಸುಡುತ್ತೇವೆ. ದೊಡ್ಡ ಬೆಂಕಿ ಬಂದರೆ ಅಲ್ಲಿ ನಿಲ್ಲಲಿ ಅಂತ. ಆ ಕೆಲಸಕ್ಕೆ ಬರುವವರು ಯಾರು ಅಂದುಕೊಂಡಿದ್ದೀರಿ? ಸೋಲಿಗರು, ಜೇನು ಕುರುಬರು, ಕಾಡಂಚಿನ ಹುಡುಗರು. ಬೇಸಿಗೆಯ ಫೈರ್ ವಾಚರ್‌ಗಳೂ ಅವರೇ. ಗಾಳಿ ಯಾವ ಕಡೆ ತಿರುಗುತ್ತದೆ ಅಂತ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಬರುವ ಬೆಂಕಿಯನ್ನು ತಡೆಯಲು ಎದುರು ಬೆಂಕಿ ಕೊಡುವುದನ್ನು ನನಗೆ ಕಲಿಸಿದವರೇ ಅವರು.

ಅಂದರೆ ನಾಳೆಯೇ ತರಗು ಬೆಂಕಿ ಇಡಿ ಅಂತ ನಾನು ಹೇಳುತ್ತಿಲ್ಲ. ತರಗೆಲೆ ಮಾತ್ರ ಇದ್ದ ನೆಲಕ್ಕೂ ಲಂಟಾನ ತುಂಬಿದ ನೆಲಕ್ಕೂ ವ್ಯತ್ಯಾಸ ಬಹಳ. ಲಂಟಾನ ಹಸಿ ಇದ್ದರೂ ಉರಿಯುತ್ತದೆ. ಆಳೆತ್ತರ, ಎರಡಾಳೆತ್ತರ ಬೆಳೆದು ಮರದ ಮೇಲೂ ಹತ್ತಿರುತ್ತದೆ. ನೆಲದ ಬೆಂಕಿಗೆ ಅದು ಏಣಿ ಇಟ್ಟ ಹಾಗೆ, ನೇರ ಮರದ ತಲೆಗೇ ಹೋಗುತ್ತದೆ. ಅದರ ಮುಂದೆ ನಿಂತು ಸೊಪ್ಪಿನ ಗೊಂಚಲಿನಲ್ಲಿ ಬಡಿದು ಆರಿಸಿದವನಿಗೇ ಗೊತ್ತು.

ಪೋಡಿನ ಹುಡುಗ

ನಾನು ಸೋಲಿಗ. ಬೆಟ್ಟದ ಒಂದು ಪೋಡಿನವನು. ಈಗ ಮೈಸೂರಿನಲ್ಲಿ ಕೆಲಸ. ಈ ವಿಷಯ ಬಂದಾಗೆಲ್ಲ ನಮ್ಮ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾವೂ ಸ್ವಲ್ಪ ಮಾತಾಡೋಣ ಅಂತ ಬಂದೆ.

ಬೀಟ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಜ್ಜಿಯನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಾರೆ. ಈಗ ಇಟ್ಟರೆ ಕಾಡು ಸುಟ್ಟುಹೋಗುತ್ತದೆ, ಆಗ ಇಟ್ಟಾಗ ಕಾಡು ಚೊಕ್ಕಟ ಆಗುತ್ತಿತ್ತು ಅಂತ.

ತರಗು ಬೆಂಕಿ ಯಾಕೆ ಇಡುತ್ತಿದ್ದರು? ಒಂದೇ ಕಾರಣಕ್ಕೆ ಅಲ್ಲ. ದಾರಿ ಕಾಣಬೇಕು, ಆನೆ ಕರಡಿ ದೂರದಿಂದಲೇ ಕಾಣಬೇಕು. ಹೊಸ ಹುಲ್ಲು ಚಿಗುರಬೇಕು, ಕಡವೆ ಜಿಂಕೆಗೆ ಮೇವಾಗಬೇಕು. ಗೆಣಸು ಅಗೆಯುವ ಜಾಗ ಸಿಗಬೇಕು. ಇನ್ನೊಂದು ದೊಡ್ಡ ಕಾರಣ ಉಪ್ಪಿಲು. ನಿಮ್ಮ ಕಡೆ ಬದನಿಕೆ, ಬಂದಳಿಕೆ ಅನ್ನುತ್ತಾರಲ್ಲ, ಅದೇ. ನೆಲ್ಲಿ ಮರದ ಕೊಂಬೆ ಮೇಲೆ ಕೂತು ಮರದ ನೀರು ಹೀರುತ್ತದೆ. ಉಪ್ಪಿಲು ಜಾಸ್ತಿ ಆದ ಮರ ಕಾಯಿ ಕಡಿಮೆ ಮಾಡುತ್ತದೆ, ಆಮೇಲೆ ಒಣಗುತ್ತದೆ. ತರಗು ಬೆಂಕಿಯ ಕಾವಿಗೆ ಉಪ್ಪಿಲು ಸಾಯುತ್ತಿತ್ತು, ಮರಕ್ಕೆ ಏನೂ ಆಗುತ್ತಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಈಗ ನೆಲ್ಲಿಕಾಯಿಗೆ ಹೋದರೆ ಅರ್ಧ ಮರದಲ್ಲಿ ನೆಲ್ಲಿ ಎಲೆಗಿಂತ ಉಪ್ಪಿಲಿನ ಎಲೆಯೇ ಕಾಣುತ್ತದೆ.

ಎಲ್ಲ ಕಡೆಯೂ ಇಡುತ್ತಿರಲಿಲ್ಲ. ಕಾನಿನೊಳಗೆ, ಅಂದರೆ ಸದಾ ಹಸಿರಿರುವ ಕಾಡಿನೊಳಗೆ, ಆ ಕಾಲಕ್ಕೆ ಇನ್ನೂ ತೇವ ಇರುತ್ತದೆ, ಬೆಂಕಿ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಬೆಳಗಿನ ಇಬ್ಬನಿ ಇನ್ನೂ ಬೀಳುವ ಕಾಲ ನೋಡಿ, ಗಾಳಿ ಇಲ್ಲದ ಹೊತ್ತು ನೋಡಿ ಇಡುತ್ತಿದ್ದರು. ನಮ್ಮಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಒಂದು ಎಲ್ಲೆ ಅಂದರೆ ಅಲ್ಲಿ ಐದು ಇರಬೇಕು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ಅಂದರೆ ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ. ಅಬ್ಬಿ ಅಂದರೆ ನೀರು. ಆ ಎಲ್ಲೆಯಲ್ಲಿ ಏನು ಮಾಡಬೇಕಾದರೂ ಆ ಕುಲದವರದೇ ಜವಾಬ್ದಾರಿ.

ಹೀಗೆ ಹೇಳಿದರೆ ಕಥೆ ಅನ್ನಿಸಬಹುದು. ಆದರೆ ಸೋಲಿಗ ಹಿರಿಯರ ಜೊತೆ ಸಂಶೋಧಕರು ಕಾಡೆಲ್ಲ ನಡೆದು, ಜಿಪಿಎಸ್ ಹಿಡಿದು ಈ ಜಾಗಗಳ ನಕ್ಷೆ ಮಾಡಿದ್ದಾರೆ. ಐನೂರರ ಹತ್ತಿರ ಜಾಗ ಸಿಕ್ಕಿವೆ. ನಕ್ಷೆಯಲ್ಲಿ ಬರೀ ಕಾಡು ಅಂತ ಹಸಿರು ಬಳಿದ ಜಾಗದಲ್ಲೆಲ್ಲ ಒಂದೊಂದು ಹೆಸರು ಇದೆ.

ತರಗೆಲೆ

ಕಾಡಿನ ಪರಿಸರ ಓದಿದವಳು ನಾನು. ಬಿಆರ್‌ಟಿಯಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದ್ದೇನೆ. ಹುಡುಗ ಹೇಳಿದ ಉಪ್ಪಿಲಿನ ವಿಷಯಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

ತುಂಬಾ ವರ್ಷ ಎಲ್ಲರೂ ನಂಬಿದ್ದು ಏನು ಅಂದರೆ, ಸೋಲಿಗರು ನೆಲ್ಲಿಕಾಯಿ ಜಾಸ್ತಿ ಕೊಯ್ಯುತ್ತಾರೆ, ಅದಕ್ಕೇ ನೆಲ್ಲಿ ಮರ ಕಡಿಮೆ ಆಗುತ್ತಿದೆ ಅಂತ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಮತ್ತು ಹೊರಗಿನ ಸಂಶೋಧಕರು ಸೋಲಿಗರ ಜೊತೆ ಸೇರಿ ವರ್ಷಗಟ್ಟಲೆ ಮರ ಎಣಿಸಿದರು, ಕಾಯಿ ಎಣಿಸಿದರು, ಸಸಿ ಎಣಿಸಿದರು. ಕೊನೆಗೆ ಕಂಡಿದ್ದು ಬೇರೆ. ಕೊಯ್ಲಿನ ಪೆಟ್ಟು ಸಣ್ಣದು. ದೊಡ್ಡ ಪೆಟ್ಟು ಎರಡು: ಮೇಲಿನಿಂದ ಉಪ್ಪಿಲು, ಕೆಳಗಿನಿಂದ ಲಂಟಾನ. ಉಪ್ಪಿಲು ದೊಡ್ಡ ಮರವನ್ನು ಕೊಲ್ಲುತ್ತದೆ, ಲಂಟಾನ ಸಸಿಯನ್ನು ಮೇಲೇಳುವುದಕ್ಕೆ ಬಿಡುವುದಿಲ್ಲ.

ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. 2006ರಲ್ಲಿ ಬಿಆರ್‌ಟಿಯಲ್ಲಿ ಮಾರಾಟಕ್ಕೆ ಜೇನು, ನೆಲ್ಲಿ, ಸೀಗೆ, ಪಾಚಿ ತೆಗೆಯುವುದನ್ನು ನಿಲ್ಲಿಸಿದರು. ಲ್ಯಾಂಪ್ಸ್ ಅನ್ನುವ ಆದಿವಾಸಿಗಳ ಸಹಕಾರ ಸೊಸೈಟಿಗೆ ಹಾಕಿ ಬದುಕುತ್ತಿದ್ದ ಮನೆಗಳ ಆದಾಯಕ್ಕೆ ಅದು ದೊಡ್ಡ ಹೊಡೆತ. ತುಂಬಾ ಜನ ಕೊಡಗಿನ ತೋಟಗಳಿಗೆ, ಬೇರೆ ಕಡೆ ಕೂಲಿಗೆ ಹೋದರು. ಕಾಡಿನಲ್ಲಿ ನಡೆಯುವ ಕಾಲುಗಳು ಕಡಿಮೆ ಆದವು. ನಡೆಯುತ್ತಾ ಉಪ್ಪಿಲಿನ ಕೊಂಬೆ ಕಡಿಯುವವರೂ ಕಡಿಮೆ ಆದರು.

ಈಗ ಬೆಂಕಿಗೆ ಬರೋಣ. ಬೆಂಕಿ ನಿಲ್ಲಿಸಿದ್ದಕ್ಕೇ ಲಂಟಾನ ಬಂತು ಅಂತ ಅಷ್ಟು ಖಡಾಖಂಡಿತ ಹೇಳಲು ನಾನು ತಯಾರಿಲ್ಲ. ಲಂಟಾನವನ್ನು ಬ್ರಿಟಿಷರು ಹೂವಿನ ಗಿಡ ಅಂತ ಭಾರತಕ್ಕೆ ತಂದಿದ್ದು 1800ರ ದಶಕದ ಮೊದಲ ಭಾಗದಲ್ಲಿ. ಬೆಟ್ಟದಲ್ಲಿ ಮರ ಕಡಿದಿದ್ದಾರೆ, ಬಿದಿರು ಸಾಗಿಸಿದ್ದಾರೆ, ರಸ್ತೆ ಮಾಡಿದ್ದಾರೆ. ಬಿಸಿಲು ಬಿದ್ದ ಕಡೆಯೆಲ್ಲ ಲಂಟಾನ ನುಗ್ಗುತ್ತದೆ. ಪಿಕಳಾರ ಹಕ್ಕಿ ಹಣ್ಣು ತಿಂದು ಬೀಜ ಹರಡುತ್ತದೆ. ಹಿರಿಯ ಸೋಲಿಗರ ಮಾತು, ನಮ್ಮ ಲೆಕ್ಕ, ಎರಡೂ ಒಂದೇ ಕಡೆ ಕೈ ತೋರಿಸುತ್ತವೆ ಅನ್ನುವವರೆಗೆ ಒಪ್ಪುತ್ತೇನೆ. ಪುರಾವೆ ಅಂತ ಕರೆಯಲು ಬೆಂಕಿ ಇಟ್ಟ ತಾಕು, ಇಡದ ತಾಕು ಅಕ್ಕಪಕ್ಕ ಇಟ್ಟು ವರ್ಷಗಟ್ಟಲೆ ನೋಡಬೇಕು. ಅದಕ್ಕೆ ಅನುಮತಿ ಯಾರು ಕೊಡುತ್ತಾರೆ?

ಇನ್ನೊಂದು ತೊಡಕು. ಲಂಟಾನ ಸುಟ್ಟರೆ ಸಾಯುವುದಿಲ್ಲ, ಬುಡದಿಂದ ಚಿಗುರುತ್ತದೆ. ಪಕ್ಕದ ಮರದ ಸಸಿಗಳು ಸಾಯುತ್ತವೆ. ಹಾಗೆ ಖಾಲಿಯಾದ ಜಾಗಕ್ಕೆ ಮತ್ತೆ ಲಂಟಾನವೇ ಬರುತ್ತದೆ. ಮುಂದಿನ ಬೆಂಕಿ ಇನ್ನೂ ಜೋರು.

ಡಾರ್ವಿನ್ ಕನ್ನಡಿಗ

ನಾನಿರುವುದು ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ. ಇಲ್ಲಿ ಇದೇ ಚರ್ಚೆ ನಮಗಿಂತ ಮೊದಲು ನಡೆದು ಒಂದು ಹಂತಕ್ಕೆ ಬಂದಿದೆ, ಅದಕ್ಕೆ ಹೇಳುತ್ತೇನೆ.

ಇಲ್ಲಿನ ಮೂಲನಿವಾಸಿಗಳು ಒಣಗಾಲದ ಶುರುವಿನಲ್ಲೇ, ಹುಲ್ಲು ಅರ್ಧ ಹಸಿ ಇರುವಾಗ, ಅಲ್ಲಲ್ಲಿ ಸಣ್ಣ ಬೆಂಕಿ ಇಡುತ್ತಿದ್ದರು. ಅವರನ್ನು ಊರುಗಳಿಗೆ, ಮಿಷನ್‌ಗಳಿಗೆ ಸೇರಿಸಿದ ಮೇಲೆ ಆ ನೆಲ ಖಾಲಿ ಬಿತ್ತು. ಒಣಗಾಲದ ಕೊನೆಯಲ್ಲಿ ದೊಡ್ಡ ದೊಡ್ಡ ಬೆಂಕಿ ಬೀಳತೊಡಗಿತು. ಆಮೇಲೆ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಹಿರಿಯರು ಮತ್ತು ವಿಜ್ಞಾನಿಗಳು ಸೇರಿ ಹಳೆಯ ಕ್ರಮವನ್ನು ಮತ್ತೆ ಶುರು ಮಾಡಿದರು. 2006ರಲ್ಲಿ ಒಂದು ಒಪ್ಪಂದ ಆಯಿತು. ಸುಮಾರು 28,000 ಚದರ ಕಿಲೋಮೀಟರ್ ನೆಲ. ಡಾರ್ವಿನ್‌ನಲ್ಲಿ ಅನಿಲ ಘಟಕ ನಡೆಸುತ್ತಿದ್ದ ಕಾನಕೊಫಿಲಿಪ್ಸ್ ಕಂಪನಿ ವರ್ಷಕ್ಕೆ ಸುಮಾರು 10 ಲಕ್ಷ ಡಾಲರಿನಂತೆ 17 ವರ್ಷ ದುಡ್ಡು ಕೊಡುವುದು, ರೇಂಜರ್‌ಗಳು ಬೇಗ ಬೆಂಕಿ ಇಟ್ಟು ತಡವಾದ ದೊಡ್ಡ ಬೆಂಕಿ ತಪ್ಪಿಸುವುದು. ಹಾಗೆ ತಪ್ಪಿದ ಹೊಗೆಯನ್ನು ಕಂಪನಿ ತನ್ನ ಘಟಕ ಬಿಡುವ ಹೊಗೆಯ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುವುದು.

ಈಗ ಹೆಲಿಕಾಪ್ಟರ್‌ನಿಂದಲೂ ಬೆಂಕಿ ಉದುರಿಸುತ್ತಾರೆ, ಉಪಗ್ರಹದ ಚಿತ್ರ ನೋಡುತ್ತಾರೆ. ಎಲ್ಲಿ ಇಡಬೇಕು ಅನ್ನುವುದರಲ್ಲಿ ಮಾತ್ರ ಆ ನೆಲದ ಒಡೆಯರ ಮಾತೇ ನಡೆಯುತ್ತದೆ.

ಸಫಾರಿ ಪ್ರಿಯ

ಓದುವುದಕ್ಕೆ ಚೆನ್ನಾಗಿದೆ. ಆದರೆ ಸರ್, ಅದು ಹುಲ್ಲುಗಾವಲಿನ ಸೀಮೆ, ಮೈಲಿಗಟ್ಟಲೆ ಜನ ಇಲ್ಲ. ಇಲ್ಲಿ ಕಾಡಿನ ಅಂಚಿಗೇ ಊರು, ಕಬ್ಬಿನ ಗದ್ದೆ, ಕಾಫಿ ತೋಟ. ಮತ್ತೆ ಕಂಪನಿಯೊಂದು ತನ್ನ ಹೊಗೆಗೆ ಬದಲಾಗಿ ಆದಿವಾಸಿಗಳಿಗೆ ದುಡ್ಡು ಕೊಡುವುದು ಅಂದರೆ, ಅದನ್ನು ಮೆಚ್ಚಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ನನ್ನ ಮೂಲ ಪ್ರಶ್ನೆ ಹುಲಿ. ಜನರನ್ನು ಹೊರಗಿಟ್ಟಿದ್ದಕ್ಕೇ ಹುಲಿ ಉಳಿದಿದ್ದು ಅಲ್ವಾ?

ಪೋಡಿನ ಹುಡುಗ

ಸಾರ್, ಹುಲಿ ವಿಷಯ ಕೇಳಿದ್ದು ಒಳ್ಳೆಯದಾಯಿತು.

ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಆಗಿದ್ದು 2011ರ ಶುರುವಿನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಅರಣ್ಯ ಹಕ್ಕು ಕಾಯ್ದೆ ಕೆಳಗೆ, 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅದೇ ಮೊದಲು. ಸುಮ್ನೆ ಸಿಗಲಿಲ್ಲ. ಸೋಲಿಗ ಅಭಿವೃದ್ಧಿ ಸಂಘದವರು ಪೋಡಿನಿಂದ ಪೋಡಿಗೆ ಓಡಾಡಿ, ಅರ್ಜಿ ಬರೆಸಿ, ನಕ್ಷೆ ಇಟ್ಟು, ಧರಣಿ ಕೂತು ಸಿಕ್ಕಿದ್ದು.

ಆಮೇಲೆ ಬಂದ ಲೆಕ್ಕ ಪತ್ರಿಕೆಗಳಲ್ಲೇ ಇದೆ. 2010ರಲ್ಲಿ 35 ಅಂತ ಇದ್ದ ಹುಲಿ 2014ರಲ್ಲಿ 68 ಅಂತ ಬಂತು. ಹುಲಿ ಜಾಸ್ತಿ ಆಗಿದ್ದು ನಮ್ಮಿಂದಲೇ ಅಂತ ನಾನು ಹೇಳುವುದಿಲ್ಲ. ಲೆಕ್ಕ ಹಾಕುವ ವಿಧಾನ ಬದಲಾಗುತ್ತದೆ, ಹುಲಿ ಅತ್ತಿತ್ತ ಓಡಾಡುತ್ತದೆ, ಎಣಿಕೆ ಒಮ್ಮೆ ಏರಿದರೆ ಒಮ್ಮೆ ಇಳಿಯುತ್ತದೆ. ನಾನು ಹೇಳುವುದು ಇಷ್ಟೇ: ನಾವಿದ್ದಾಗಲೂ ಜಾಸ್ತಿ ಆಯಿತು.

ಬೆಟ್ಟದ ದೇವರು ರಂಗನಾಥ ನಮಗೆ ಭಾವ. ನಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆ ಆದವನು. ಹುಲಿಯೂ ದೇವರ ಜೊತೆಗಿರುವ ಪ್ರಾಣಿ. ನಮ್ಮಜ್ಜಿ ಇವತ್ತಿಗೂ ಹುಲಿ ಅನ್ನುವ ಹೆಸರನ್ನು ಕಾಡಿನೊಳಗೆ ಎತ್ತುವುದಿಲ್ಲ.

ಜೋಯಿಡಾ ಗೆಡ್ಡೆ

ಉತ್ತರ ಕನ್ನಡದಿಂದ. ಬೆಂಕಿ ವಿಷಯ ನನಗೆ ಗೊತ್ತಿಲ್ಲ, ಆದರೆ ಹುಡುಗ ಗೆಣಸು ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಜೋಯಿಡಾ ಕಡೆ ಕುಣಬಿಗಳು ಬೆಳೆಯುವ ಗೆಡ್ಡೆಗಳನ್ನು ನೋಡಬೇಕು. ಕೆಸು, ಸುವರ್ಣಗಡ್ಡೆ, ಬಗೆಬಗೆಯ ಗೆಣಸು, ಆಳುದ್ದದ ಕೋನ. ಭತ್ತ ಕೈ ಕೊಟ್ಟ ವರ್ಷ ಮನೆ ಉಳಿಸುವುದು ಇವೇ. ಮಳೆ ಹಿಂದೆ ಮುಂದೆ ಆದರೂ ಮಣ್ಣೊಳಗೆ ಕೂತಿರುತ್ತವೆ, ಬೇಕಾದಾಗ ಅಗೆದರಾಯಿತು. ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳವೇ ನಡೆಯುತ್ತದೆ, ಬೆಂಗಳೂರಿನವರೂ ಬಂದು ಕೊಳ್ಳುತ್ತಾರೆ.

ಹವಾಮಾನ ತಾಳುವ ಬೆಳೆ ಅಂತ ಹೊರಗಿನಿಂದ ಬೀಜ ತರುವವರು ಮೊದಲು ಇವರ ಹಿತ್ತಲು ನೋಡಲಿ. ಗೋವಾದಲ್ಲಿ ಕುಣಬಿಗಳು ಪರಿಶಿಷ್ಟ ಪಂಗಡ, ಗಡಿ ದಾಟಿ ಈ ಕಡೆ ಬಂದರೆ ಅಲ್ಲ. ಅದು ಬೇರೆಯದೇ ಚರ್ಚೆ, ಬಿಡಿ.

ತರಗೆಲೆ

ಬಿಡಬೇಡಿ, ಅದೂ ಇದೇ ಚರ್ಚೆ. ಪಂಗಡದ ಪಟ್ಟಿಯಲ್ಲಿ ಇಲ್ಲದಿದ್ದರೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ತೋರಿಸಬೇಕು. ಕಾಡಿನಲ್ಲಿ ಬದುಕಿದವರು ಎಲ್ಲಿಂದ ತರಬೇಕು ಕಾಗದ?

ಸೋಲಿಗರ ಹಳೆಯ ಹೊಲದಲ್ಲೂ ಇದೇ ಬುದ್ಧಿ ಇತ್ತು. ರಾಗಿ, ಜೋಳ, ಅವರೆ, ಸಾಸಿವೆ, ಕುಂಬಳ ಎಲ್ಲ ಒಂದೇ ಹೊಲದಲ್ಲಿ. ಒಂದು ಹೋದರೆ ಇನ್ನೊಂದು. ಈಗ ತುಂಬಾ ಪೋಡುಗಳಲ್ಲಿ ಕಾಫಿ, ಮೆಣಸು ಬಂದಿದೆ. ದುಡ್ಡು ಬರುತ್ತದೆ, ಆನೆಯೂ ಕಾಫಿಯನ್ನು ಅಷ್ಟಾಗಿ ತಿನ್ನುವುದಿಲ್ಲ. ಆದರೆ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಒಂದು ವಾರ ತಪ್ಪಿದರೆ ವರ್ಷದ ಲೆಕ್ಕವೇ ತಪ್ಪುತ್ತದೆ.

ಮಧ್ಯೆ ಒಂದು ಖುಷಿಯ ಸುದ್ದಿ. ಕೆಲವು ವರ್ಷಗಳ ಹಿಂದೆ ಬಿಆರ್‌ಟಿಯಲ್ಲಿ ಸಿಕ್ಕ ಹೊಸ ಕಣಜವೊಂದಕ್ಕೆ ಏಟ್ರೀಯವರು ‘ಸೋಲಿಗ ಎಕಾರಿನಾಟ’ ಅಂತ ಹೆಸರಿಟ್ಟರು. ಆ ಕಣಜದ ಇಡೀ ಜೀನಸ್‌ಗೇ (ಜೀವಶಾಸ್ತ್ರದ ಕುಲಕ್ಕೆ) ಸೋಲಿಗ ಅನ್ನುವ ಹೆಸರು.

ಪೋಡಿನ ಹುಡುಗ

ಕಣಜಕ್ಕೆ ನಮ್ಮ ಹೆಸರು ಸಿಕ್ಕಷ್ಟು ಬೇಗ ನಮಗೆ ಹಕ್ಕುಪತ್ರ ಸಿಕ್ಕಿದ್ದರೆ ಚೆನ್ನಾಗಿತ್ತು ಅಕ್ಕ 😄

ಕೊಳ್ಳೇಗಾಲದ ಮೇಷ್ಟ್ರು

ಚೆನ್ನಾಗಿ ಬರುತ್ತಿದೆ. ನನ್ನ ಮೂಲ ಪ್ರಶ್ನೆಯ ಇನ್ನೊಂದು ತುದಿ ಉಳಿದಿದೆ. ಹವಾಮಾನ.

ನಮ್ಮ ಚಾಮರಾಜನಗರ ಸೀಮೆಗೆ ಮುಂಗಾರೂ ಹಿಂಗಾರೂ ಎರಡೂ ಬೇಕು. ಏಪ್ರಿಲ್-ಮೇಯ ಗುಡುಗು ಮಳೆಯೂ ಬೇಕು. ಹಿಂಗಾರು ಚೆನ್ನಾಗಿ ಬಿದ್ದ ವರ್ಷ ಜನವರಿಯಲ್ಲೂ ನೆಲ ಹಸಿ. ಕೈ ಕೊಟ್ಟ ವರ್ಷ ಡಿಸೆಂಬರ್‌ಗೇ ಎಲ್ಲ ಒಣಗಿರುತ್ತದೆ. ಹೀಗಿರುವಾಗ ‘ಜನವರಿಯಲ್ಲಿ ಬೆಂಕಿ’ ಅಂತ ಕ್ಯಾಲೆಂಡರ್ ನೋಡಿ ಇಡುವುದಕ್ಕೆ ಆಗುತ್ತದಾ? ಹಳೆಯ ಜ್ಞಾನ ಹಳೆಯ ಮಳೆಗೆ ಹೊಂದಿಕೊಂಡಿದ್ದಲ್ವಾ?

ಪೋಡಿನ ಹುಡುಗ

ಮೇಷ್ಟ್ರೇ, ಕ್ಯಾಲೆಂಡರ್ ನೋಡಿ ಇಟ್ಟವರು ಯಾರೂ ಇಲ್ಲ. ಹುಲ್ಲು ಮುಟ್ಟಿ ನೋಡುತ್ತಿದ್ದರು. ತರಗು ಹಿಡಿದು ಮುರಿದರೆ ಏನಾಗುತ್ತದೆ ನೋಡುತ್ತಿದ್ದರು. ಯಾವ ಮರ ಎಲೆ ಉದುರಿಸಿದೆ, ಯಾವುದು ಇನ್ನೂ ಉದುರಿಸಿಲ್ಲ ನೋಡುತ್ತಿದ್ದರು. ಒಂದು ವರ್ಷ ಬೇಗ, ಒಂದು ವರ್ಷ ತಡ, ಕೆಲವು ಜಾಗಕ್ಕೆ ಆ ವರ್ಷ ಇಡುವುದೇ ಇಲ್ಲ. ಜನವರಿ ಅನ್ನುವುದು ನಮ್ಮನ್ನು ಕೇಳಿ ಬರೆದುಕೊಂಡವರು ಹಾಕಿದ ಲೆಕ್ಕ.

ಮಳೆ ಬದಲಾದರೆ ನೋಡುವುದೂ ಬದಲಾಗುತ್ತದೆ. ನಮ್ಮ ಕಡೆ ಈಗಲೂ ಜೇನಿಗೆ ಹೋಗುವವರು ಹಾಗೇ ಮಾಡುತ್ತಾರೆ. ಹೆಜ್ಜೇನು ಯಾವಾಗ ಬಂತು, ಯಾವ ಹೂ ಬಿಟ್ಟಿದೆ, ಯಾವ ಬಂಡೆಯಲ್ಲಿ ಎಷ್ಟು ಹುಟ್ಟು ಅಂತ ನೋಡಿಯೇ ಹೊರಡುವುದು. ಹೂ ಹಿಂದೆ ಮುಂದೆ ಆದರೆ ಇವರೂ ಹಿಂದೆ ಮುಂದೆ. ಆದರೆ ಇದಕ್ಕೆ ವರ್ಷವಿಡೀ ಕಾಡಿನಲ್ಲಿ ನಡೆಯುತ್ತಿರಬೇಕು. ಮೈಸೂರಿನಲ್ಲಿ ಕೂತ ನನಗೆ ತರಗು ಕೈಗೆ ಕೊಟ್ಟರೆ ಒಣಗಿದೆಯೋ ಇಲ್ಲವೋ ಅಷ್ಟೇ ಹೇಳಬಲ್ಲೆ. ಇವತ್ತು ಇಡಬೇಕೋ ನಾಲ್ಕು ದಿನ ಬಿಟ್ಟು ಇಡಬೇಕೋ ನನಗೆ ತಿಳಿಯುವುದಿಲ್ಲ. ತಮ್ಮ ಕೈಯಾರೆ ಬೆಂಕಿ ಇಟ್ಟವರು ಈಗ ಎಪ್ಪತ್ತು ದಾಟಿದವರು.

ಬೀಟ್ ನಂಬರ್ ಏಳು

ಈಗ ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ಬೆಂಕಿ ಕೈ ಮೀರಿದರೆ ಯಾರ ಮೇಲೆ ಕೇಸು?

ಕಾಡಿನಲ್ಲಿ ಎಷ್ಟು ಎಕರೆ ಸುಟ್ಟಿತು ಅನ್ನುವುದರ ಮೇಲೆ ಅಧಿಕಾರಿಗೆ ನೋಟಿಸ್ ಬರುತ್ತದೆ. ಉಪಗ್ರಹದಿಂದ ಬೆಂಕಿಯ ಎಚ್ಚರಿಕೆ ಮೊಬೈಲಿಗೇ ಬರುತ್ತದೆ, ಒಳ್ಳೆ ಬೆಂಕಿ ಕೆಟ್ಟ ಬೆಂಕಿ ಅಂತ ಅದಕ್ಕೆ ಭೇದ ಇಲ್ಲ. ಹತ್ತು ಎಕರೆ ಬೇಕು ಅಂತಲೇ ಸುಟ್ಟು ಮುಂದೆ ನೂರು ಎಕರೆ ಉಳಿಸಿದರೆ, ಆ ನೂರಕ್ಕೆ ಯಾರೂ ಶಾಭಾಷ್ ಅನ್ನುವುದಿಲ್ಲ, ಈ ಹತ್ತಕ್ಕೆ ಸಸ್ಪೆಂಡ್. ಹೀಗಿದ್ದರೆ ಯಾವ ರೇಂಜರ್ ಸಹಿ ಹಾಕುತ್ತಾನೆ?

ಕಾನೂನು ಅಷ್ಟು ಕುರುಡಲ್ಲ. ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಹೇಳುವುದು ಅಭಯಾರಣ್ಯಕ್ಕೆ ಅಪಾಯ ಆಗುವ ಹಾಗೆ ಬೆಂಕಿ ಹಚ್ಚಬಾರದು ಅಂತ. ಆ ‘ಅಪಾಯ ಆಗುವ ಹಾಗೆ’ ಅನ್ನುವ ಮಾತನ್ನು ಎಲ್ಲರೂ ನುಂಗಿಬಿಟ್ಟಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯಕ್ಕೆ ತನ್ನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ಓದುವ ಧೈರ್ಯ ಇಲ್ಲ, ಅಷ್ಟೇ.

ಹೊಸಬಳು_ಮೈಸೂರು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಲಂಟಾನದಿಂದ ಆನೆ ಗೊಂಬೆ ಮಾಡುತ್ತಾರಲ್ಲ, ದೊಡ್ಡ ದೊಡ್ಡದು, ಅದರಿಂದ ಲಂಟಾನ ಕಡಿಮೆ ಆಗುವುದಿಲ್ವಾ?

ತರಗೆಲೆ

ಅವು ನಿಜಕ್ಕೂ ಚೆನ್ನಾಗಿವೆ. ನೀಲಗಿರಿ ಕಡೆ ಬೆಟ್ಟ ಕುರುಬರು, ಪಣಿಯರು, ಸೋಲಿಗರು ಸೇರಿ ಮಾಡಿದ್ದು, ವಿದೇಶಕ್ಕೂ ಹೋಗಿವೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ದುಡಿಮೆ ಅಂತ ಒಳ್ಳೆಯದು. ಆದರೆ ಕುರ್ಚಿಗೆ ಬೇಕಾಗಿರುವುದು ಗಟ್ಟಿ ಕಾಂಡ ಮಾತ್ರ. ಬುಡ ಹಾಗೇ ಉಳಿದರೆ ಮುಂದಿನ ಮಳೆಗೆ ಮತ್ತೆ ಪೊದೆ.

ಲಂಟಾನ ತೆಗೆಯಬೇಕಾದರೆ ಬೇರಿಗೇ ಕೈ ಹಾಕಬೇಕು. ದೆಹಲಿಯ ಸಸ್ಯವಿಜ್ಞಾನಿ ಸಿ.ಆರ್. ಬಾಬು ಅವರ ತಂಡ ಒಂದು ಕ್ರಮ ಹೇಳಿಕೊಟ್ಟಿದೆ. ಚಿಗುರು ಬರುವ ಭಾಗ ನೆಲದ ಸ್ವಲ್ಪ ಕೆಳಗೇ ಇರುತ್ತದೆ. ಅದಕ್ಕಿಂತ ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡುವುದು. ಮಣ್ಣು ಜಾಸ್ತಿ ಕೆದಕುವುದಿಲ್ಲ, ಔಷಧಿ ಬೇಡ, ಜೆಸಿಬಿ ಬೇಡ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮಣ್ಣಲ್ಲಿರುವ ಬೀಜ ಮೊಳೆಯುತ್ತದೆ, ಹಕ್ಕಿ ಹೊಸ ಬೀಜ ತರುತ್ತದೆ. ಮುಂದಿನ ಎರಡು ಮೂರು ಮಳೆಗಾಲ ಹೋಗಿ ಸಸಿ ಕೀಳಬೇಕು, ಹುಲ್ಲು ಬಿತ್ತಬೇಕು. ಸುಮ್ಮನೆ ತೆಗೆದು ಬಿಟ್ಟರೆ ಅಲ್ಲಿಗೆ ಕಮ್ಯುನಿಸ್ಟ್ ಗಿಡ ಅನ್ನುವ ಇನ್ನೊಂದು ಕಳೆ ಬಂದು ಕೂರುತ್ತದೆ. ಗುತ್ತಿಗೆದಾರರಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಇದು ಆಗುವ ಕೆಲಸವಲ್ಲ, ಮೊದಲ ವರ್ಷದ ಬಿಲ್ ಆದ ಮೇಲೆ ಅವರು ಆ ಕಡೆ ತಲೆ ಹಾಕುವುದಿಲ್ಲ.

ನನ್ನ ಪ್ರಕಾರ ಮೊದಲು ಬೇರು, ಆಮೇಲೆ ಹುಲ್ಲು, ಹುಲ್ಲು ನಿಂತ ಮೇಲೆ ಮಾತ್ರ ಬೆಂಕಿ. ಉಪ್ಪಿಲಿಗೆ ಬೆಂಕಿವರೆಗೆ ಕಾಯಬೇಕಾಗಿಲ್ಲ. ನೆಲ್ಲಿಗೆ ಹೋದವರು ಉಪ್ಪಿಲಿನ ಕೊಂಬೆ ಈಗಲೇ ಕತ್ತರಿಸಬಹುದು.

ಸಫಾರಿ ಪ್ರಿಯ

ಈ ಕ್ರಮಕ್ಕೆ ನನ್ನ ತಕರಾರು ಕಡಿಮೆ. ಲಂಟಾನ ತೆಗೆದರೆ ಜಿಂಕೆ, ಕಾಟಿಗೆ ಮೇವು, ಅದರಿಂದ ಹುಲಿಗೂ ಒಳ್ಳೆಯದು ಅನ್ನುವುದು ನನಗೂ ಗೊತ್ತು. ಆದರೆ ಬೆಂಕಿ ಅಂತ ಬಂದಾಗ ಸಣ್ಣ ತಾಕು, ಸುತ್ತ ರೇಖೆ, ಕ್ಯಾಮೆರಾ ಟ್ರ್ಯಾಪ್ ಇರಲೇಬೇಕು. ಹಲ್ಲಿ, ಕಪ್ಪೆ, ನೆಲದ ಹಕ್ಕಿ ಲೆಕ್ಕ ಮೊದಲೂ ಆಮೇಲೂ ಬೇಕು. ಮತ್ತೆ ಒಂದು ವೇಳೆ ಫಲಿತಾಂಶ ಬೇರೆ ಬಂದರೆ ನಿಲ್ಲಿಸುವುದಕ್ಕೂ ಗ್ರಾಮಸಭೆ ತಯಾರಿರಬೇಕು.

ಪೋಡಿನ ಹುಡುಗ

ನಿಲ್ಲಿಸುವ ಹಕ್ಕು ಗ್ರಾಮಸಭೆಗೆ ಇರಬೇಕಾದರೆ ಶುರು ಮಾಡುವ ಹಕ್ಕೂ ಇರಬೇಕಲ್ವಾ ಸಾರ್. ನನ್ನ ಮಾತು ಇಷ್ಟೇ. ನಮ್ಮ ಹಿರಿಯರನ್ನು ಕರೆದು ‘ಹೇಗೆ ಇಡುತ್ತಿದ್ದಿರಿ’ ಅಂತ ಬರೆದುಕೊಂಡು, ಆಮೇಲೆ ನಮ್ಮ ಹುಡುಗರನ್ನು ದಿನಗೂಲಿಗೆ ಕರೆದು ‘ಇಲ್ಲಿ ಇಡು’ ಅಂದರೆ ಅದು ತರಗು ಬೆಂಕಿ ಆಗುವುದಿಲ್ಲ. ಯಾವ ಎಲ್ಲೆಯಲ್ಲಿ, ಯಾವ ದಿನ, ಬೇಡವಾದರೆ ಬೇಡ ಅನ್ನುವುದನ್ನು ಆ ಎಲ್ಲೆಯವರೇ ಹೇಳಬೇಕು. ಕ್ಯಾಮೆರಾ ಇಡಲಿ, ಕಪ್ಪೆ ಎಣಿಸಲಿ, ನಮಗೇನೂ ಅಡ್ಡಿಯಿಲ್ಲ. ಕಪ್ಪೆ ಎಣಿಸುವ ಕೆಲಸಕ್ಕೂ ನಮ್ಮ ಹುಡುಗಿಯರನ್ನೇ ತೆಗೆದುಕೊಳ್ಳಲಿ. ಡಿಗ್ರಿ ಓದಿ ಮನೆಯಲ್ಲಿ ಕೂತವರಿದ್ದಾರೆ.

ಜಾಗ ಕೇಳಿದರೆ, ಲಂಟಾನ ಇನ್ನೂ ತೆಳ್ಳಗಿರುವ ಎಲೆ ಉದುರುವ ಕಾಡಿನಲ್ಲಿ, 2011ರಲ್ಲಿ ಹಕ್ಕು ಸಿಕ್ಕ ಪೋಡಿನ ಹತ್ತಿರ ಶುರು ಮಾಡಬಹುದು. ನೆಲ್ಲಿ ಮರ ಇರುವ ಕಡೆ ಆದರೆ ಉಪ್ಪಿಲಿನ ಲೆಕ್ಕವೂ ಸಿಗುತ್ತದೆ.

ಬೀಟ್ ನಂಬರ್ ಏಳು

ತಮ್ಮಾ, ದಾರಿ ಒಂದಿದೆ. ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಹುಲಿ ಸಂರಕ್ಷಣಾ ಯೋಜನೆ ಅಂತ ಬರೆಯಲೇಬೇಕು, ಕಾಯ್ದೆಯಲ್ಲೇ ಇದೆ. ಅದರಲ್ಲಿ ಬೆಂಕಿ, ಕಳೆ ಎಲ್ಲದಕ್ಕೂ ಅಧ್ಯಾಯ ಇರುತ್ತದೆ. ಆ ಯೋಜನೆಯಲ್ಲಿ ಒಂದು ಪ್ರಯೋಗ ಅಂತ ಸೇರಿದರೆ ರೇಂಜರ್‌ಗೂ ರಕ್ಷಣೆ. ಸೇರದೆ ಬಾಯಿಮಾತಿನಲ್ಲಿ ಒಪ್ಪಿಕೊಂಡ ಅಧಿಕಾರಿ ವರ್ಗ ಆದ ದಿನವೇ ಎಲ್ಲ ಮುಗಿಯಿತು.

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಎಲ್ಲೆಯ ಹೆಸರು, ಸರಹದ್ದು, ಹಿರಿಯರ ಹೆಸರು ಎಲ್ಲ ಹಾಕಿ, ಒಂದು ಪ್ರತಿ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ, ಒಂದು ಬುಡಕಟ್ಟು ಕಲ್ಯಾಣ ಇಲಾಖೆಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ.

ಪೋಡಿನ ಹುಡುಗ

ಆಗಲಿ ಅಣ್ಣ. ರಾಗಿ ಕಟಾವು ಮುಗಿದ ಮೇಲೆ ರೊಟ್ಟಿ ಹಬ್ಬಕ್ಕೆ ಎಲ್ಲ ಕುಲದವರೂ ಸೇರುತ್ತಾರೆ, ಅಲ್ಲಿ ಎತ್ತುತ್ತೇನೆ. ನಿರ್ಣಯದ ಒಕ್ಕಣೆ ಬರೆದುಕೊಡುವುದಕ್ಕೆ ಮೇಷ್ಟ್ರು ಬಂದರೆ ಅನುಕೂಲ.

ಕೊಳ್ಳೇಗಾಲದ ಮೇಷ್ಟ್ರು

ಬರುತ್ತೇನೆ. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕು. ತರಗೆಲೆ ಮೇಡಂ, ಆ ಬೇರು ಕತ್ತರಿಸುವ ಕ್ರಮದ ಚಿತ್ರ ಇದ್ದರೆ ಕಳಿಸಿ, ಜೊತೆಗೆ ಪ್ರಿಂಟ್ ಹಾಕಿಸಿಕೊಂಡು ಹೋಗೋಣ.